ನಿನ್ನ ಕಿವಿಗೆ ನಾನು ಹೇಳದೆ ಬಿಟ್ಟ ಹೆಸರು

ನನ್ನ ತಮ್ಮ ರವಿಕುಮಾರನ ಮಗಳಿಗೆ, ಮೂರು ತಿಂಗಳು ತುಂಬಿದ ನಿನಗೆ, ನಿನ್ನ ಸೋದರತ್ತೆ ಮುನಿಲಕ್ಷ್ಮಿ ಬರೆಯುವುದು.

ಕಂದಮ್ಮ,

ಮೇಲೆ ನಿನ್ನ ಹೆಸರು ಬರೆದಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಮರೆತದ್ದಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಕಾಗದ ಮುಗಿಯುವ ಹೊತ್ತಿಗೆ ನಿನಗೇ ತಿಳಿಯುತ್ತದೆ. ಇದನ್ನು ಮುಟ್ಟುವ ಮೊದಲು ಎರಡು ಸಲ ಕೈ ತೊಳೆದಿದ್ದೇನೆ, ಪೆನ್ನನ್ನೂ ಒರೆಸಿದ್ದೇನೆ. ನನ್ನ ಮೂಗಿನಲ್ಲಿರುವ ಅದು ಕಾಗದದ ಮೇಲೆ ಎಷ್ಟು ದಿನ ಬದುಕಿರುತ್ತದೆ ಎಂದು ಡಾಕ್ಟರನ್ನು ಕೇಳಬೇಕೆಂದಿದ್ದೆ. ನಗುತ್ತಾರೇನೋ ಎಂದು ಸುಮ್ಮನಾದೆ.

ಬರೆಯುತ್ತಿರುವುದು ಜಯನಗರದ ಡಯಾಲಿಸಿಸ್ ಸೆಂಟರಿನಲ್ಲಿ, ಮೂಲೆಯ ಬೆಡ್ಡಿನ ಮೇಲೆ ಕೂತು. ನನ್ನ ಕಿಡ್ನಿಗಳು ಕೆಲಸ ಬಿಟ್ಟು ಐದು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಇಲ್ಲಿಗೆ ಬರುತ್ತೇನೆ. ಎಡಗೈಗೆ ಎರಡು ಸೂಜಿ ಚುಚ್ಚುತ್ತಾರೆ. ಒಂದರಿಂದ ರಕ್ತ ಮೆಷಿನ್ನಿಗೆ ಹೋಗುತ್ತದೆ, ಇನ್ನೊಂದರಿಂದ ಶುದ್ಧವಾಗಿ ವಾಪಸ್ಸು ಬರುತ್ತದೆ. ನಾಲ್ಕು ಗಂಟೆ ಹೀಗೇ. ಬಲಗೈ ಮಾತ್ರ ನನ್ನದು. ಕಾಗದ ಜಾರುತ್ತಿತ್ತೆಂದು ಶಾಂತಲಾ ಸಿಸ್ಟರ್ ಮಕ್ಕಳು ಪರೀಕ್ಷೆಗೆ ಒಯ್ಯುವಂಥ ರಟ್ಟು ಕೊಟ್ಟು ಕ್ಲಿಪ್ಪು ಹಾಕಿದರು. "ಏನ್ ಮುನಿಲಕ್ಷ್ಮಿ, ಆಸ್ತಿ ಪತ್ರಾನಾ?" ಎಂದರು. "ನನ್ನ ಆಸ್ತಿ ಎಲ್ಲಾ ಮೂಗಲ್ಲೇ ಐತಲ್ಲ ಸಿಸ್ಟರ್" ಎಂದೆ. ಅವರು ನಗಲಿಲ್ಲ.

ವಿಷಯ ಇಷ್ಟು. ಹೋದ ಭಾನುವಾರ ಬೇಗೂರಿನಲ್ಲಿ, ನಿನ್ನ ಅಮ್ಮ ವನಿತಾಳ ತವರುಮನೆಯಲ್ಲಿ, ನಿನ್ನ ನಾಮಕರಣ ಆಯಿತು. ತೊಟ್ಟಿಲಿಗೆ ಹಾಕಿದ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ಸೋದರತ್ತೆಯ ಕೆಲಸ. ನಿನಗಿರುವವಳು ನಾನೊಬ್ಬಳೇ. ನಾನು ಬಗ್ಗಿದೆ, ತುಟಿ ಆಡಿಸಿದೆ, ಎದ್ದೆ. ಎಲ್ಲರೂ ಅಕ್ಷತೆ ಹಾಕಿದರು. ಆದರೆ ನಾನು ಏನೂ ಹೇಳಿರಲಿಲ್ಲ. ಉಸಿರು ಬಿಗಿಹಿಡಿದು ಬರೀ ತುಟಿ ಆಡಿಸಿದ್ದೆ. ಈಗ ಇಡೀ ಮನೆ ನಿನ್ನನ್ನು ಆ ಹೆಸರಿನಿಂದ ಕರೆಯುತ್ತಿದೆ, ಕಿವಿಗೆ ಹೇಳಬೇಕಾದದ್ದು ಮಾತ್ರ ಹಾಗೇ ಉಳಿದಿದೆ. ಮಾಡಿದ್ದು ಸರಿಯೋ ತಪ್ಪೋ, ಮೂರು ದಿನದಿಂದ ನನಗೆ ಗೊತ್ತಾಗುತ್ತಿಲ್ಲ. ನಿನಗೇ ಹೇಳಿಬಿಡುತ್ತೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಬಿಟ್ಟು ಬಿಟ್ಟು. ನಿನ್ನ ಅಜ್ಜಿ ಸಪ್ಪಲಮ್ಮನಿಗೆ ಹುಷಾರಿಲ್ಲದಾಗ ಒಂದು ವರ್ಷ ಹೋಗಲಿಲ್ಲ, ನಿನ್ನ ಅಪ್ಪ ಹುಟ್ಟಿದಾಗ ಇನ್ನೊಂದು ವರ್ಷ. ಆಮೇಲೆ ಗಾರ್ಮೆಂಟ್ಸಿಗೆ ಸೇರಿದೆ. ಹಾಗಾಗಿ ಡಾಕ್ಟರು ಹೇಳಿದ್ದನ್ನು ನಾನು ಹೇಗೆ ತಿಳಿದುಕೊಂಡೆನೋ ಹಾಗೆ ಬರೆಯುತ್ತಿದ್ದೇನೆ. ಅದರಲ್ಲಿ ಅರ್ಧ ತಪ್ಪಿರಬಹುದು. ಯಾವ ಅರ್ಧ ಎಂದು ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಇಲ್ಲಿ ಒಂದು ಸಲ ನನ್ನ ಮೂಗಿಗೆ ಹತ್ತಿಕಡ್ಡಿ ಹಾಕಿ ಪರೀಕ್ಷೆ ಮಾಡಿದ್ದರು. ಮೂಗಿನೊಳಗೆ ಒಂದು ಬ್ಯಾಕ್ಟೀರಿಯ ವಾಸ ಮಾಡುತ್ತಿದೆ, ಎಷ್ಟೋ ಜನರಿಗೆ ಇರುತ್ತದೆ, ಏನೂ ಮಾಡುವುದಿಲ್ಲ, ಆದರೆ ದಿನ ಬಿಟ್ಟು ದಿನ ಸೂಜಿ ಚುಚ್ಚಿಸಿಕೊಳ್ಳುವವರ ರಕ್ತಕ್ಕೆ ಇಳಿದರೆ ಕಷ್ಟ ಎಂದರು. ಒಂದು ಸಣ್ಣ ಟ್ಯೂಬು ಮುಲಾಮು ಕೊಟ್ಟು, ಬೆಳಿಗ್ಗೆ ಸಂಜೆ ಐದು ದಿನ ಮೂಗಿನೊಳಗೆ ಹಚ್ಚಿ ಎಂದರು. ಹಚ್ಚಿದೆ. ತಂಪಾಗಿ, ಬಹಳ ಹಿತವಾಗಿತ್ತು ಪುಟ್ಟಿ. ನಮಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು ಮಾತ್ರ. ಮೂಗು, ತುಟಿ, ಗಂಟಲು ಎಲ್ಲಾ ಒಣಗಿ ಸೀಳುತ್ತಿರುತ್ತವೆ. ಐದು ದಿನ ಆದ ಮೇಲೂ ಬಿಡಲು ಮನಸ್ಸಾಗಲಿಲ್ಲ. ಒಳ್ಳೆಯದೇ ಅಲ್ಲವಾ, ಇನ್ನಷ್ಟು ಹಚ್ಚಿದರೆ ಇನ್ನಷ್ಟು ಒಳ್ಳೆಯದು ಎಂದುಕೊಂಡೆ. ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಖಾಲಿ ಟ್ಯೂಬು ತೋರಿಸಿದರೆ ಸಾಕು, ತುಂಬಿದ ಟ್ಯೂಬು ಕೊಡುತ್ತಿದ್ದರು. ಚೀಟಿ ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಹೀಗೆ ಒಂದೂವರೆ ವರ್ಷ ಹಚ್ಚಿದೆ.

ಪಕ್ಕದ ಬೆಡ್ಡಿನಲ್ಲಿ ಚೂಡಾಮಣಿ ಮೇಡಂ ಇರುತ್ತಿದ್ದರು. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿ ರಿಟೈರಾದವರು, ಜಯನಗರದಲ್ಲೇ ಮನೆ. ನನಗೆ ಇಂಗ್ಲಿಷ್ ಚೀಟಿ ಓದಿ ಹೇಳುವವರು ಅವರೇ. ಸೂಜಿ ಚುಚ್ಚುವ ಅವರ ಕೈಯ ನರ ಕೆಟ್ಟು, ಕತ್ತಿಗೆ ಟ್ಯೂಬು ಹಾಕಿ ಡಯಾಲಿಸಿಸ್ ಮಾಡುತ್ತಿದ್ದರು. ಒಂದು ದಿನ, "ಏನೇ ಅದು, ದಿನಾ ಕದ್ದು ಕದ್ದು ಮೂಗಿಗೆ ಹಚ್ಕೋತೀಯ? ನನಗೂ ಕೊಡೇ, ಮೂಗು ಉರೀತಿದೆ" ಎಂದರು. ಕೊಟ್ಟೆ. ಕಿರುಬೆರಳಿಗೆ ಹಾಕಿಕೊಂಡು ಹಚ್ಚಿ, ಅದೇ ಬೆರಳಲ್ಲಿ ಟ್ಯೂಬಿನ ಬಾಯಿ ಒತ್ತಿ, ಮುಚ್ಚಳ ತಿರುಗಿಸಿ ವಾಪಸ್ಸು ಕೊಟ್ಟರು. ಆಮೇಲೆ ಅದೇ ಅಭ್ಯಾಸವಾಯಿತು. ಮೆಷಿನ್ ಶುರುವಾಗಿ ಸಿಸ್ಟರ್ ಆ ಕಡೆ ಹೋದರೆ ಸಾಕು, ನಾನು ಬಲಗೈ ಚಾಚುವುದು, ಅವರು ಎಡಗೈ ಚಾಚುವುದು. ಮನೆಗೆ ಬಂದವರ ಮುಂದೆ ಕುಂಕುಮದ ಭರಣಿ ಹಿಡಿಯುವುದಿಲ್ಲವಾ, ಹಾಗೆ. ಇದರಲ್ಲಿ ಏನಾದರೂ ತಪ್ಪಿದೆ ಎಂದು ನನಗೆ ಕನಸಿನಲ್ಲೂ ಹೊಳೆಯಲಿಲ್ಲ. ಬೇರೆ ಏನು ಹೊಳೆದರೂ ಹೆದರುವವಳು ನಾನು. ಗ್ಯಾಸ್ ಆಫ್ ಮಾಡಿದೆನಾ ಎಂದು ವಾಜರಹಳ್ಳಿ ಮೆಟ್ರೋ ಸ್ಟೇಷನ್ನಿಂದ ವಾಪಸ್ಸು ಹೋಗಿ ನೋಡಿದವಳು. ಹೆದರಬೇಕಾದ ಜಾಗದಲ್ಲೇ ಹೆದರಲಿಲ್ಲ ನೋಡು.

ನೀನು ಹುಟ್ಟುವುದಕ್ಕೆ ಒಂದು ತಿಂಗಳ ಮುಂಚೆ, ಒಂದು ಸೋಮವಾರ ಮೇಡಂಗೆ ಮೆಷಿನ್ ಮೇಲೇ ಚಳಿ ಬಂತು. ಅಂಥ ಚಳಿ ನಾನು ನೋಡಿರಲಿಲ್ಲ. ಕಬ್ಬಿಣದ ಮಂಚ ಗಡಗಡ ಅನ್ನುತ್ತಿತ್ತು. ಮಾತಿಗೆ ಮುಂಚೆ ಹಾಸ್ಯ ಮಾಡುತ್ತಿದ್ದ ಹೆಂಗಸು, ನನ್ನ ಕಡೆ ತಿರುಗಿ ಏನೋ ಹೇಳಲು ಹೋದರೆ ಹಲ್ಲು ಕಟಕಟ ಅಂದು ಮಾತೇ ಹೊರಡಲಿಲ್ಲ. ರಕ್ತಕ್ಕೆ ಸೋಂಕು ಎಂದು ಆಸ್ಪತ್ರೆಗೆ ಸೇರಿಸಿದರು. ಸಾಮಾನ್ಯ ಇಂಜೆಕ್ಷನ್ನಿಗೆ ಜಗ್ಗದ ಜಾತಿಯ ಬ್ಯಾಕ್ಟೀರಿಯ ಎಂದು ಶಾಂತಲಾ ಸಿಸ್ಟರ್ ಹೇಳಿದರು. ಒಂದೂವರೆ ತಿಂಗಳು ಪಕ್ಕದ ಬೆಡ್ಡಿನಲ್ಲಿ ಬೇರೆ ಯಾರೋ ಮಲಗಿದ್ದರು. ನಾನು ಆ ಕಡೆ ಕೈ ಚಾಚಲಿಲ್ಲ.

ಅದರ ನಂತರ ವಿಭಾ ಎಂಬ ಡಾಕ್ಟರಮ್ಮ ಬಂದು ಇಲ್ಲಿರುವವರೆಲ್ಲರ ಮೂಗಿಗೂ ಹತ್ತಿಕಡ್ಡಿ ಹಾಕಿದರು. ಇನ್ನೂ ಓದುತ್ತಿರುವವರು, ಚಿಕ್ಕ ವಯಸ್ಸು, ತಾಳ್ಮೆ ಜಾಸ್ತಿ. ನೀನು ಎಂಟು ತಿಂಗಳಿಗೇ ಹುಟ್ಟಿ, ಒಂದೂ ಮುಕ್ಕಾಲು ಕೆ.ಜಿ. ತೂಕ ಎಂದು ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ವಾರ ನನ್ನ ರಿಪೋರ್ಟು ಬಂತು. ನನ್ನ ಮೂಗಿನಲ್ಲಿರುವುದೂ ಆ ಜಗ್ಗದ ಜಾತಿಯೇ. ಆ ಮುಲಾಮಿಗೂ ಈಗ ಅದು ಜಗ್ಗುವುದಿಲ್ಲ. ನನಗೆ ಜ್ವರ ಇಲ್ಲ, ನೆಗಡಿ ಇಲ್ಲ. "ಹಂಗಾದ್ರೆ ನಂಗೆ ಕಾಯಿಲೆನಾ ಮೇಡಂ?" ಎಂದೆ. "ಕಾಯಿಲೆ ಇಲ್ಲಮ್ಮ. ಕಾಯಿಲೆ ತರೋದು ಇದೆ" ಎಂದರು. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇದ್ದೂ ಇಲ್ಲದ ಹಾಗೆ ಇರುವುದನ್ನು ಇಟ್ಟುಕೊಂಡು ಮನುಷ್ಯ ಹೇಗೆ ಓಡಾಡಬೇಕು?

ಆಗ ಮುಲಾಮಿನ ಟ್ಯೂಬಿನ ವಿಷಯ ಹೇಳಿದೆ. ಹಚ್ಚಿದ್ದು, ಹಂಚಿದ್ದು, ಎಲ್ಲಾ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಐದೇ ದಿನ ಅಂತ ಯಾಕೆ ಹೇಳ್ತೀವಿ ಅಂದ್ರೆ, ಅಷ್ಟರಲ್ಲಿ ಹೊಡೆದು ಮುಗಿಸ್ಬೇಕು. ದಿನಾ ಸ್ವಲ್ಪ ಸ್ವಲ್ಪ ಹಚ್ತಾ ಇದ್ರೆ ಸಾಯೋವು ಸಾಯ್ತವೆ, ಸಾಯದೇ ಇರೋವು ಉಳ್ಕೊಂಡು ಸಂಸಾರ ಮಾಡ್ತವೆ" ಎಂದರು. ನಾನೇ ಒಂದೂವರೆ ವರ್ಷ ಬೆಳಿಗ್ಗೆ ಸಂಜೆ ಊಟ ಹಾಕಿ ಸಾಕಿದ ಹಾಗಾಯಿತಲ್ಲ.

"ಚೂಡಾಮಣಿ ಮೇಡಂಗೆ ನನ್ನಿಂದಾನೇ ಬಂತಾ?" ಎಂದು ಕೇಳಿದೆ. ಅವರ ಮೂಗಿನಲ್ಲೂ ಅದೇ ಸಿಕ್ಕಿತ್ತು. ಡಾಕ್ಟರಮ್ಮ, ನಿಮ್ಮಿಂದ ಅವರಿಗೆ ಹೋಗಿರಬಹುದು, ಅವರಿಂದ ನಿಮಗೆ ಬಂದಿರಬಹುದು, ನಮ್ಮ ಕೈಗಳಿಂದ ಇಬ್ಬರಿಗೂ ಬಂದಿರಬಹುದು, ಹೇಳಲಾಗುವುದಿಲ್ಲ ಎಂದರು. ಹೌದು ಎಂದಿದ್ದರೆ ಅಳುತ್ತಿದ್ದೆ. ಇಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಹೇಳಲಾಗುವುದಿಲ್ಲ ಎಂದರೆ ಏನು ಮಾಡುವುದು?

ಮೇಡಂ ವಾಪಸ್ಸು ಬಂದರು. ಅರ್ಧಕ್ಕರ್ಧ ಇಳಿದುಹೋಗಿದ್ದರು, ಕತ್ತಿನ ಟ್ಯೂಬು ಬೇರೆ ಕಡೆಗೆ ಬದಲಾಗಿತ್ತು. ನಾನು ಬೆಡ್ಡಿನ ಹತ್ತಿರ ಹೋಗದೆ ದೂರದಲ್ಲೇ ನಿಂತು ಕೈ ಮುಗಿದೆ. "ಯಾಕೆ, ನಾನೇನು ದೇವಸ್ಥಾನಾನಾ? ಬಾ ಇಲ್ಲಿ" ಎಂದರು. ನನ್ನಿಂದಲೇ ಆದದ್ದು ಎಂದು ಹೇಳಿದೆ. "ನಲವತ್ತು ಜನರಲ್ಲಿ ಹನ್ನೊಂದು ಜನಕ್ಕೆ ಇದೆಯಂತೆ. ಅಷ್ಟೂ ಜನಕ್ಕೆ ನೀನೇ ಹಂಚಿದ್ಯಾ? ದೊಡ್ಡ ದಾನಿ ಇವಳು! ನನ್ನ ಮೂಗಿಂದಾನೇ ನಿನಗೆ ಬಂದಿದ್ರೆ ಏನ್ ಮಾಡ್ತೀಯ, ಕೇಸು ಹಾಕ್ತೀಯಾ?" ಎಂದರು. ನಗಿಸಲೆಂದೇ ಹೇಳಿದ್ದು. ನಕ್ಕೆ. ಮನೆಗೆ ಹೋಗುವಾಗ ಮೆಟ್ರೋದಲ್ಲಿ ಕಂಬಿ ಹಿಡಿಯಲು ಕೈ ಬರಲಿಲ್ಲ, ಹಿಡಿಯದೆ ನಿಂತು ಇಬ್ಬರ ಮೇಲೆ ಬಿದ್ದೆ.

ಅಷ್ಟರಲ್ಲಿ ನಿನ್ನ ನಾಮಕರಣದ ದಿನ ಗೊತ್ತಾಯಿತು. ಹನ್ನೊಂದನೇ ದಿನ ಆಗಬೇಕಾಗಿದ್ದು, ನೀನು ಆಸ್ಪತ್ರೆಯಲ್ಲಿದ್ದೆ ಎಂದು ಮೂರನೇ ತಿಂಗಳಿಗೆ ಹೋಗಿತ್ತು. ನಾನು ಮೂವರನ್ನು ಕೇಳಿದೆ. ವಿಭಾ ಡಾಕ್ಟರಮ್ಮ, ಮಾಸ್ಕ್ ಹಾಕಿ, ಕೈ ಚೆನ್ನಾಗಿ ತೊಳೆದು, ಧಾರಾಳವಾಗಿ ಹೆಸರಿಡಿ, ಒಂದು ನಿಮಿಷದ ವಿಷಯ ಎಂದರು. ಶಾಂತಲಾ ಸಿಸ್ಟರ್, "ತೂಕ ಕಡಿಮೆ ಇರೋ ಮಗು, ಯಾಕ್ ಬೇಕು ರಿಸ್ಕು, ಬೇರೆ ಯಾರ್ ಕೈಲಾದ್ರೂ ಹೇಳ್ಸಿ" ಎಂದರು. ಮೇಡಂ, "ನಿನ್ನ ಕಿವೀಲಿ ಹೆಸರು ಹೇಳಿದೋರ ಮೂಗಲ್ಲಿ ಏನಿತ್ತು ಅಂತ ಯಾರಾದ್ರೂ ನೋಡಿದ್ರಾ?" ಎಂದರು. ಅದೂ ನಿಜ. ನನಗೆ ಹೆಸರಿಟ್ಟ ಅತ್ತೆ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು, ನನ್ನ ಕಿವಿಯ ಮೇಲೆಲ್ಲಾ ಕೆಂಪು ಹನಿ ಬೀಳಿಸಿದ್ದಳಂತೆ. ನನಗೇನೂ ಆಗಲಿಲ್ಲ. ಅಥವಾ ಆದದ್ದೆಲ್ಲಾ ಆಮೇಲೆ ಆಯಿತೋ ಏನೋ. ಮೂವರೂ ಬುದ್ಧಿವಂತರೇ. ಮೂವರದೂ ಕೇಳಿದಾಗ ಸರಿ ಅನ್ನಿಸಿತು.

ಮನೆಯಲ್ಲಿ ಮಾತ್ರ ಹೇಳಲಿಲ್ಲ. ಯಾಕೆಂದರೆ ನಿನ್ನ ಅಮ್ಮ. ನನಗೆ ಡಯಾಲಿಸಿಸ್ ಶುರುವಾದಾಗ ಬಂದ ನೆಂಟರು ನಾನು ಕುಡಿದ ಲೋಟವನ್ನು ಕಣ್ಣಲ್ಲೇ ಗುರುತಿಟ್ಟುಕೊಳ್ಳುತ್ತಿದ್ದರು. ಅಂಟುವ ರೋಗವಲ್ಲ ಎಂದು ಎಷ್ಟು ಹೇಳಿದರೂ ಅಷ್ಟೇ. ಮಾರನೇ ವರ್ಷ ಮದುವೆಯಾಗಿ ಬಂದ ವನಿತಾ, ನನ್ನ ತಟ್ಟೆಯಲ್ಲಿ ಉಳಿದ ಅರ್ಧ ಮುದ್ದೆಯನ್ನು "ಯಾಕಕ್ಕಾ ದಂಡ ಮಾಡ್ತೀರಾ" ಎಂದು ಅದೇ ತಟ್ಟೆಯಲ್ಲಿ ಸಾರು ಹಾಕಿಕೊಂಡು ತಿಂದಳು. ಅವತ್ತು ಬಚ್ಚಲುಮನೆಗೆ ಹೋಗಿ ಅತ್ತಿದ್ದೆ. ಆ ತಟ್ಟೆ ಬೇರೆಯಾಗುವುದು ನನಗೆ ಬೇಡವಾಗಿತ್ತು. ಇಷ್ಟು ಸಣ್ಣ ಆಸೆಗಾಗಿ ನಿನ್ನನ್ನು ಅಪಾಯಕ್ಕೆ ಒಡ್ಡಲು ಹೊರಟಿದ್ದೆ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತಾ? ಅನ್ನಿಸಿತ್ತು. ಆದರೂ ಹೇಳಲಿಲ್ಲ.

ಭಾನುವಾರ ನಾಮಕರಣಕ್ಕೆ ಮಾಸ್ಕ್ ಹಾಕಿಕೊಂಡೇ ಹೋದೆ. ಶುಕ್ರವಾರದ ಡಯಾಲಿಸಿಸ್ ಆಗಿ ಎರಡು ದಿನವಾಗಿತ್ತು, ಕಾಲು ಊದಿತ್ತು, ಉಸಿರು ಭಾರವಾಗಿತ್ತು. ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದರು. ಅದರ ಕಿವಿಗೆ ಹೇಳು ಎಂದಿದ್ದರೆ ನೂರು ಸಲ ಹೇಳುತ್ತಿದ್ದೆ. ಕಲ್ಲು ತೆಗೆದು ನಿನ್ನನ್ನು ಮಲಗಿಸಿದರು. ಕಲ್ಲಿಗಿಂತ ಹಗುರ ಕಂಡೆ. ಕಿವಿಯ ಅಂಚಿನಲ್ಲಿ ಇನ್ನೂ ಕೂದಲಿತ್ತು. ನಾನು ಬಗ್ಗುವಷ್ಟರಲ್ಲಿ ನನ್ನ ಅಮ್ಮ, ನಿನ್ನ ಅಜ್ಜಿ ಸಪ್ಪಲಮ್ಮ, "ಏನೇ ಇದು, ಮುಖಕ್ಕೆ ಬಟ್ಟೆ ಕಟ್ಕೊಂಡು ಹೆಸರಿಡ್ತಾರಾ? ಮಗು ನಿನ್ ಮುಖ ನೋಡೋದ್ ಬ್ಯಾಡ್ವಾ?" ಎಂದು ಮಾಸ್ಕ್ ಎಳೆದು ತನ್ನ ಸೆರಗಿಗೆ ಸಿಕ್ಕಿಸಿಕೊಂಡಳು. ಹೆಂಗಸರೆಲ್ಲ ನಕ್ಕರು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಮೂವತ್ತು ಜನ ನೋಡುತ್ತಿದ್ದರು. ನನ್ನ ಮೂಗಿನಲ್ಲಿ ಔಷಧಿಗೆ ಜಗ್ಗದ ಬ್ಯಾಕ್ಟೀರಿಯ ಇದೆ ಎಂದು ತೊಟ್ಟಿಲ ಮುಂದೆ ಹೇಗೆ ಹೇಳುವುದು? ಮೂಗು ಬಾಯಿ ಎರಡನ್ನೂ ಬಿಗಿಹಿಡಿದೆ. ಬಗ್ಗಿದೆ. ತುಟಿ ಆಡಿಸಿದೆ, ಒಂದು, ಎರಡು, ಮೂರು. ನೀನು ಕಣ್ಣು ಬಿಟ್ಟು ನನ್ನನ್ನೇ ನೋಡಿದೆ, ಏನೋ ಹೇಳುತ್ತಾಳೆ ಎಂದು ಕಾಯುವ ಹಾಗೆ. ಎದ್ದಾಗ ಉಸಿರಿಲ್ಲದೆ ಕಣ್ಣು ಕತ್ತಲಿಟ್ಟು ನೀರು ತುಂಬಿತ್ತು. ಎಲ್ಲರೂ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು ಎಂದುಕೊಂಡರು.

ಊಟ ಆದ ಮೇಲೆ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಾ ನಿಂತಿದ್ದೆ. ಕುಡಿಯುವ ನೀರು ನನಗೆ ಅಳತೆ, ತೊಳೆಯುವುದಕ್ಕೆ ಯಾರೂ ಅಳತೆ ಹಾಕಿಲ್ಲ. ನಿನ್ನನ್ನು ಎಡಹೆಗಲಿಗೆ ಹಾಕಿಕೊಂಡು ನಿನ್ನ ಅಮ್ಮ ಬಂದಳು. "ಅಕ್ಕಾ, ನೀವು ಹೆಸರು ಹೇಳ್ಲಿಲ್ಲ ಅಲ್ವಾ?" ಎಂದಳು. "ಪಕ್ಕದಲ್ಲೇ ಇದ್ದೆ ನಾನು. ಗಾಳೀನೂ ಆಡ್ಲಿಲ್ಲ." ನಲ್ಲಿ ನಿಲ್ಲಿಸಿ ಎಲ್ಲಾ ಹೇಳಿದೆ. ಮುಲಾಮು, ಮೇಡಂ, ರಿಪೋರ್ಟು. ಹೇಳುತ್ತಿದ್ದ ಹಾಗೆ ಅವಳು ನಿನ್ನನ್ನು ಎಡಹೆಗಲಿಂದ ಬಲಹೆಗಲಿಗೆ ಬದಲಾಯಿಸಿದಳು. ಬಲಹೆಗಲು ನನ್ನಿಂದ ಆಚೆಗಿತ್ತು. ನನಗೆ ದೂರವಾಗಲೆಂದೋ, ಭುಜ ನೋಯುತ್ತಿತ್ತೋ, ನನಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿರಲಿಕ್ಕಿಲ್ಲ. "ಮೊದ್ಲೇ ಹೇಳ್ಬಾರ್ದಿತ್ತಾ ಅಕ್ಕಾ?" ಎಂದಳು, ಅಷ್ಟೆ. ಒಳಗಿನಿಂದ ಯಾರೋ ಕರೆದರು, ಹೋದಳು.

ಸೋಮವಾರ ಫೋನ್ ಬರಲಿಲ್ಲ. ದಿನಾ ನೀನು ಎಷ್ಟು ಹಾಲು ಕುಡಿದೆ ಎಂದು ಹೇಳಲು ಫೋನ್ ಮಾಡುತ್ತಿದ್ದವಳು. ತಟ್ಟೆ ಹೋಯಿತು ಎಂದುಕೊಂಡೆ. ನಿನ್ನೆ ಮಂಗಳವಾರ ಮಧ್ಯಾಹ್ನ ಮಾಡಿದಳು. ನಿನಗೆ ತೋರಿಸುವ ಮಕ್ಕಳ ಡಾಕ್ಟರನ್ನು ಕೇಳಿಕೊಂಡು ಬಂದಿದ್ದಳು. ಅವರು, ಮನೆಯಲ್ಲಿ ಜೊತೆಗಿರಲು ತೊಂದರೆಯಿಲ್ಲ, ಕೈ ತೊಳೆದು ಎತ್ತಿಕೊಳ್ಳಲಿ, ಸದ್ಯಕ್ಕೆ ಮುಖದ ಹತ್ತಿರ ಉಸಿರು ಬೇಡ, ಟವೆಲ್ಲು ಬೇರೆ ಇರಲಿ ಎಂದರಂತೆ. "ಟವೆಲ್ ಬೇರೆ ಇಡ್ತೀನಿ ಅಕ್ಕಾ. ಬೇಜಾರ್ ಮಾಡ್ಕೋಬೇಡಿ. ತಟ್ಟೆ ವಿಷ್ಯ ನಾನು ಕೇಳ್ಲೇ ಇಲ್ಲ" ಎಂದಳು. ಕೇಳಲಿಲ್ಲ ಎಂದರೆ ಏನು? ಕೇಳಿದರೆ ಬೇಡ ಎನ್ನುತ್ತಾರೆಂದು ಕೇಳಲಿಲ್ಲವೋ, ಕೇಳುವಂಥದ್ದೇ ಅಲ್ಲ ಎಂದೋ? ಸಮಾಧಾನವೂ ಆಯಿತು, ಬೇಜಾರೂ ಆಯಿತು.

ಆಮೇಲೆ ಅವಳೇ ಹೇಳಿದಳು. "ಹೆಸರು ಬೇರೆ ಯಾರ ಕೈಲೂ ಹೇಳ್ಸಲ್ಲ. ಅದು ನಿಮ್ದು. ಒಂದು ಚೀಟೀಲಿ ಬರ್ದ್‌ಕೊಡಿ, ನಾನು ಇವಳ ಕಿವಿ ಹತ್ರ ಓದ್ತೀನಿ. ಹೇಳಿದ್ದು ನೀವೇ ಅಂತ ಲೆಕ್ಕ." ಒಂದು ಹೆಸರು ಬರೆದುಕೊಡಿ ಎಂದಳು. ನೋಡು, ನಾನು ಇಷ್ಟೆಲ್ಲಾ ಬರೆದುಬಿಟ್ಟೆ. ನಿನ್ನ ಅಮ್ಮ ಇದನ್ನು ಪೂರ್ತಿ ನಿನಗೆ ಓದಲಿ. ನಿನಗೆ ತಿಳಿಯುವುದಿಲ್ಲ, ಆದರೆ ಅವಳಿಗೆ ತಿಳಿಯಲಿ.

ಈಗ ಬೇರೆ ಔಷಧಿ ಕೊಟ್ಟಿದ್ದಾರೆ, ಗುಲಾಬಿ ಬಣ್ಣದ ದ್ರವ, ಅದರಲ್ಲಿ ಸ್ನಾನ. ಎಷ್ಟು ದಿನ ಎಂದು ಮೂರು ಸಲ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಮುಂದಿನ ತಿಂಗಳು ಮತ್ತೆ ಹತ್ತಿಕಡ್ಡಿ. ಹೋಗಿರಬಹುದು, ಹೋಗದೆಯೂ ಇರಬಹುದು, ಹೋಗಿ ಮತ್ತೆ ಬರಲೂಬಹುದಂತೆ. ಬರುವ ಭಾನುವಾರ ನೀನು ಅಂಜನಾಪುರದ ನಮ್ಮ ಮನೆಗೆ ಬರುತ್ತೀಯ. ನಾನು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿರುತ್ತೇನೆ. ಮಾಸ್ಕ್ ಹಾಕಿಕೊಂಡೇ. ಈ ಸಲ ಅಜ್ಜಿ ಎಳೆದರೆ, ಯಾಕೆ ಹಾಕಿದ್ದೇನೆ ಎಂದು ಹೇಳುತ್ತೇನೆ. ಹೇಳುತ್ತೇನೆ ಎಂದುಕೊಂಡಿದ್ದೇನೆ.

ಮೆಷಿನ್ ಕೂಗುತ್ತಿದೆ, ನಾಲ್ಕು ಗಂಟೆ ಮುಗಿಯಿತು. ಸಿಸ್ಟರ್ ಸೂಜಿ ತೆಗೆಯಲು ಬರುತ್ತಿದ್ದಾರೆ. ತೆಗೆದ ಮೇಲೆ ಬಲಗೈಯಿಂದ ಎಡಗೈ ಒತ್ತಿ ಹಿಡಿಯಬೇಕು, ಬರೆಯಲಾಗುವುದಿಲ್ಲ.

ವನಿತಾ, ಇಲ್ಲಿಂದ ನಿಧಾನಕ್ಕೆ ಓದು. ಬಲಗಿವಿ.

ಇಂಚರ.

ಇಂಚರ.

ಇಂಚರ.

ನೂರು ವರ್ಷ ಬದುಕು ಕಂದಮ್ಮ. ನಿನ್ನ ದನಿ ಬೇಗೂರಿನ ಕೆರೆ ದಾಟಿ ಕೇಳಲಿ. ಯಾರನ್ನು ಮುಟ್ಟಲೂ ನಿನಗೆ ಹೆದರಿಕೆ ಆಗದಿರಲಿ.

ನಿನ್ನನ್ನು ಇನ್ನೂ ಮುದ್ದಿಸದ ಅತ್ತೆ,
ಮುನಿಲಕ್ಷ್ಮಿ